ಕಿವಿ ಚುಚ್ಚುವ ದಿನ

“ಸೋದರಮಾವ ಎಲ್ಲಿ? ಕರೀರಿ, ಹೊತ್ತಾತು,” ಎಂದು ಪತ್ತಾರ ಮೂಕಪ್ಪ ಚಾಪೆಯ ಮೇಲೆ ಬಂಗಾರದ ತಂತಿ ತೆಗೆದಿಟ್ಟುಕೊಂಡು ಕೂತ. ಕರೆಯುವ ಮೊದಲೇ ಹಂಪೇಶ ಹೊಸ ಪಂಚೆ ಉಟ್ಟು ಬಂದು, ಚಕ್ಕಳಮಕ್ಕಳ ಹಾಕಿ ಕೂತು, “ಬಾರವ್ವ ಪಲ್ಲವಿ” ಎಂದು ತೊಡೆ ತಟ್ಟಿದ. ಮಾವನ ತೊಡೆಯ ಮೇಲೆ ಕೂರಿಸಿಯೇ ಕಿವಿ ಚುಚ್ಚಿಸಬೇಕು, ಅದು ಪದ್ಧತಿ. ಎರಡು ಸಲ ಮುಹೂರ್ತ ಇಟ್ಟಾಗಲೂ ಸೂತಕ ಅಡ್ಡ ಬಂದು ಹುಡುಗಿಗೆ ಎಂಟು ತುಂಬಿತ್ತು. ಹೊಸಪೇಟೆಯ ಆ ಎರಡು ಕೋಣೆಯ ಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಬಳಗ ಸೇರಿತ್ತು.

ಪಲ್ಲವಿ ಕದಲಲಿಲ್ಲ.

“ಸೂಜಿಗೆ ಅಂಜ್ಯಾಳ!” ಎಂದು ಯಾರೋ ನಕ್ಕರು. ಅಜ್ಜಿ ದುರ್ಗಕ್ಕನಿಗೆ ಸಿಟ್ಟು ನೆತ್ತಿಗೇರಿತು. ಹಟ ಅಂದರೆ ಹಟ ಈ ಹುಡುಗಿಯದು! ದಿನಾ ಬೆಳಿಗ್ಗೆ ಮಾವನ ಬೈಕ್ ಹತ್ತಿ ಶಾಲೆಗೆ ಹೋಗಲು ಒಲ್ಲೆ ಅನ್ನುವುದು, ಹೊಟ್ಟೆನೋವು ಅನ್ನುವುದು. ಹೋದ ವಾರ ತಾನೇ ರಟ್ಟೆ ಹಿಡಿದು ಎಳೆದೊಯ್ದು ಬೈಕಿನ ಮೇಲೆ ಕೂರಿಸಿದ್ದಳು. ಇವತ್ತು ಬಳಗದ ಮುಂದೆಯೂ ಅದೇ ರಂಪವೇ ಎಂದು ದುರ್ಗಕ್ಕ ಕೈ ಎತ್ತುವಷ್ಟರಲ್ಲಿ, ಹುಡುಗಿ ತಾನಾಗಿ ಬಂದು ಪತ್ತಾರನ ಎದುರು ಕೂತಳು.

“ಚುಚ್ಚು ತಾತ. ಎಷ್ಟು ಬೇಕಾದ್ರೂ ಚುಚ್ಚು, ನಾ ಅಳಂಗಿಲ್ಲ. ಮಾವನ ತೊಡಿ ಮ್ಯಾಲೆ ಮಾತ್ರ ಕುಂದ್ರಂಗಿಲ್ಲ.”

ಎತ್ತಿದ ಕೈ ಹಾಗೇ ನಿಂತಿತು. ಸೂಜಿಗೆ ಅಂಜದ ಹುಡುಗಿ ಮತ್ತೆ ಯಾತಕ್ಕೆ ಅಂಜುತ್ತಾಳೆ? ದುರ್ಗಕ್ಕ ಮಗ ಹಂಪೇಶನ ಕಡೆ ನೋಡಿದಳು. ಅವನು ನಗುತ್ತಿದ್ದ, ಆದರೆ ಕಣ್ಣು ನೆಲದ ಮೇಲಿತ್ತು. ದುರ್ಗಕ್ಕ ಮೊಮ್ಮಗಳ ಕೈ ಹಿಡಿದು ಅಡುಗೆಮನೆಗೆ ನಡೆದಳು. ಹುಡುಗಿಯ ತಾಯಿ ಸುಧಾರಾಣಿಯೂ ಹಿಂದೆಯೇ ಬಂದು ಬಾಗಿಲು ಹಾಕಿದಳು.

“ಹೇಳವ್ವ. ನಾ ಬೈಯಂಗಿಲ್ಲ.”

“ಹೇಳಿದ್ರ ನೀ ಸಾಯ್ತೀಯಂತ. ಮಾವ ಅಂದಾನ.”

“ಹೇಳಿ ನೋಡು, ಸಾಯ್ತೀನೋ ಇಲ್ಲೋ.”

ಪಲ್ಲವಿ ಅಜ್ಜಿಯ ಕಿವಿಯಲ್ಲಿ ಹೇಳಿದಳು. ಶಾಲೆಯ ದಾರಿ ಬಿಟ್ಟು ಅವನು ಬೈಕ್ ತಿರುಗಿಸುವ ಜಾಗ, ಅಲ್ಲಿ ನಡೆಯುವುದು, ದಸರಾ ರಜೆ ಮುಗಿದಾಗಿನಿಂದ ನಡೆಯುತ್ತಿರುವುದು, ಎಲ್ಲ ಹೇಳಿದಳು. ರಟ್ಟೆ ಹಿಡಿದು ಕೂರಿಸಿದ್ದು ತಾನೇ ಅಲ್ಲವೇ, ಇದೇ ಹಾಳು ಕೈಯಿಂದ! ದುರ್ಗಕ್ಕ ಮೊಮ್ಮಗಳನ್ನು ಅಪ್ಪಿಕೊಂಡಳು.

“ನೋಡು, ಹೇಳಿದಿ. ಸತ್ತೆನೇನು? ಗುಂಡುಕಲ್ಲಿನಂಗ ಅದೀನಿ. ನಿಂದೇನೂ ತಪ್ಪಿಲ್ಲ ನನ್ನವ್ವ. ತಪ್ಪು ಅವಂದು. ನಿನ್ನ ಮಾತು ಕೇಳದ ನಂದು.”

ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ ಸುಧಾರಾಣಿ ಗೋಡೆಗೆ ಆತುಕೊಂಡಳು. “ಅವ್ವ, ಒಳಗಿಂದೊಳಗ ಬಗಿಹರಸೋಣ. ಮಂದಿಗೆ ಗೊತ್ತಾದ್ರ ನಾಳೆ ಇಕಿನ್ನ ಯಾರು...”

“ಎಲ್ಲಾರೂ ಒಳಗ ಇಟ್ಕೊಂಡು ಕುಂತದ್ದಕ್ಕ ಇಂಥವರಿಗೆ ಧೈರ್ಯ ಬಂದೈತಿ. ಫೋನ್ ತಗಿ. ಮಕ್ಕಳಿಗೆ ಅಂತ ಒಂದು ನಂಬರ್ ಐತಲ್ಲ, ಎಷ್ಟದು?”

“ಒಂದು, ಸೊನ್ನೆ, ಒಂಬತ್ತು, ಎಂಟು,” ಎಂದಳು ಪಲ್ಲವಿ. “ಶಾಲಿ ಗೋಡಿ ಮ್ಯಾಲೆ ಬರದಾರ. ನಾ ದಿನಾ ಓದತೀನಿ.”

ಅಷ್ಟು ಕೇಳಿದ್ದೇ ತಡ, ಸುಧಾರಾಣಿ ಕಣ್ಣೊರೆಸಿಕೊಂಡು ತಾನೇ ನಂಬರ್ ಒತ್ತಿದಳು.

ದುರ್ಗಕ್ಕ ಹೊರಗೆ ಬಂದವಳೇ ಗೋಡೆಯ ಮೊಳೆಯಿಂದ ಬೈಕಿನ ಕೀ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಪೊಲೀಸ್ರು ಬರೋ ಮಟ ಕುಂದ್ರು,” ಎಂದಳು ಮಗನಿಗೆ. ಹಂಪೇಶನ ಮುಖ ಸುಣ್ಣದಂತಾಯಿತು. “ಸಣ್ಣ ಹುಡುಗಿ ಮಾತು ಕಟ್ಕೊಂಡು ಹಡದ ಮಗನ್ನ...” ಎನ್ನುತ್ತ ಎದ್ದು ಬಾಗಿಲಿನತ್ತ ನಡೆದ. ಮೂಕಪ್ಪ ತನ್ನ ಪೆಟ್ಟಿಗೆ ಎತ್ತಿಕೊಂಡು ಹೋಗಿ ಹೊಸ್ತಿಲ ಮೇಲೆ ಗಟ್ಟಿಯಾಗಿ ಕೂತುಬಿಟ್ಟ. ಬಳಗದ ಹೆಂಗಸರು ಒಬ್ಬೊಬ್ಬರಾಗಿ ಹೋಗಿ ಅವನ ಹಿಂದೆ ನಿಂತರು. ಹಂಪೇಶ ಬಂದ ದಾರಿಯಲ್ಲೇ ತಿರುಗಿ ಮೂಲೆ ಸೇರಿದ.

ಸಂಜೆಗೆ ಅವನು ಜೀಪು ಹತ್ತಿಯಾಗಿತ್ತು. ಸಾದಾ ಸೀರೆಯಲ್ಲಿ ಬಂದಿದ್ದ ಮಹಿಳಾ ಪಿಎಸ್‌ಐ ಕೇಳಿದ್ದಕ್ಕೆಲ್ಲ ಪಲ್ಲವಿ ತಾಯಿಗೆ ಒರಗಿ ಕೂತು, ತಡವರಿಸದೆ ಉತ್ತರ ಹೇಳಿದಳು. ಹೇಳಿ ಮುಗಿಸಿ, “ಹಸಿವಾಗೈತಿ” ಎಂದು ಎರಡು ಹೋಳಿಗೆ ತಿಂದಳು. ತಿಂಗಳುಗಟ್ಟಲೆ ತುತ್ತು ಒಲ್ಲೆ ಅನ್ನುತ್ತಿದ್ದ ಕೂಸು! ದುರ್ಗಕ್ಕನಿಗೆ ಬಡಿಸಿದಷ್ಟೂ ಸಾಲದು.

“ದೂರು ನಿಮ್ಮ ಹೆಸರಿನ್ಯಾಗ ಬರೀಲೇನಮ್ಮ? ಹುಡುಗಿಗೆ ಅಜ್ಜಿ ಅಂತ?” ಎಂದು ಪಿಎಸ್‌ಐ ಮೆಲ್ಲಗೆ ಕೇಳಿದರು.

“ಬರೀರಿ. ಅದರ ಕೆಳಗ, ಅವನ್ನ ಹಡದಾಕಿ ಅಂತಾನೂ ಬರೀರಿ,” ಎಂದಳು ದುರ್ಗಕ್ಕ. “ನಾಳೆ ಕೋರ್ಟಿನ್ಯಾಗ ಯಾರೂ, ಆಗದವರು ಹೊಟ್ಟಿಕಿಚ್ಚಿಗೆ ಹೇಳ್ಯಾರ ಅನ್ನಬಾರ್ದು.”