ಪೇಪರ್ ಓದುವ ದೂಮಣ್ಣ

ಬಂದರಿನ ಚಾದಂಗಡಿಯಲ್ಲಿ ಬಲೆ ಹೆಣೆಯುವವರಿಗೆಲ್ಲ ದೂಮಣ್ಣ ಇಪ್ಪತ್ತು ವರ್ಷಗಳಿಂದ ಪೇಪರ್ ಓದಿ ಹೇಳುತ್ತಿದ್ದ. ಅವನ ಓದು ಕೇಳಲು ಅಲೆಗಳೂ ದಡದಲ್ಲಿ ಒಂದು ಗಳಿಗೆ ಕೂತು ಹೋಗುತ್ತಿದ್ದವು ಎಂದರೆ ನೀವು ನಂಬಲೇಬೇಕು. ಅವನಿಗೆ ಒಂದಕ್ಷರವೂ ಬಾರದೆಂಬುದು ಮಾತ್ರ ಅವನೊಬ್ಬನಿಗೇ ಗೊತ್ತಿತ್ತು.

ಆ ಬೆಳಿಗ್ಗೆ ಜಪಾನಿನ ತಿಮಿಂಗಿಲವೊಂದು ಹಡಗು ನುಂಗಿ, ರುಚಿಸದೆ ಮರುದಿನ ಉಗುಳಿದ ಸುದ್ದಿಯನ್ನು ಸಾಲಿಗೆ ಬೆರಳಿಟ್ಟು ಓದಿ ಮುಗಿಸಿದ್ದ. ಅಷ್ಟರಲ್ಲಿ ಮೀನು ಮಾರುವ ಲೀಲಕ್ಕ ಹೊಸ ಮೊಬೈಲು ಹಿಡಿದು ಬಂದಳು.

"ಪೇಪರಿನ ಎದುರು ಹಿಡಿದ್ರೆ ಇದೇ ಓದ್ತದಂತೆ. ನಿಮ್ಮ ಗಂಟಲಿಗೆ ಇವತ್ತು ರಜೆ, ದೂಮಣ್ಣ."

ದೂಮಣ್ಣನ ಹಣೆಯ ಬೆವರು ಬಿದ್ದು ಮುಂದಿದ್ದ ಚಾ ಲೋಟ ತುಂಬಿ ಹರಿಯಿತು.

"ತಡಿ, ಬೇರೆ ಪುಟ ಕೊಡ್ತೇನೆ," ಎಂದ.

"ಬೇಡ ದೂಮ, ಬೆರಳು ತೆಗೀಬೇಡ. ನೀನು ಓದಿದ್ದನ್ನೇ ಅದೂ ಓದ್ಲಿ," ಎಂದ ಮುದುಕ ಐತಪ್ಪ, ಬಲೆ ಕೆಳಗಿಟ್ಟು.

ಮೊಬೈಲು ಹೆಣ್ಣುದನಿಯಲ್ಲಿ ಓದಿತು: "ಪುರಸಭೆಯ ಸಾಮಾನ್ಯ ಸಭೆಯನ್ನು ಸದಸ್ಯರ ಗೈರುಹಾಜರಿಯಿಂದ ಮುಂದೂಡಲಾಗಿದೆ."

ಎಲ್ಲರೂ ದೂಮಣ್ಣನತ್ತ ತಿರುಗಿದರು. ಓಡಿಹೋಗೋಣವೆಂದು ಅವನು ಬೆಂಚಿನಡಿ ತಡಕಿದ. ಚಪ್ಪಲಿ ಸಿಕ್ಕಿತು, ಕಾಲು ಸಿಗಲಿಲ್ಲ.

ಐತಪ್ಪ ಎದ್ದ. ಮೊಬೈಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಲೀಲಕ್ಕನ ಕೈಗೆ ಮರಳಿಸಿದ.

"ವಾಪಸ್ ಕೊಟ್ಟು ಬಾ ಮಾರಾಯ್ತಿ. ಇದಕ್ಕೆ ಓದ್ಲಿಕ್ಕೇ ಬರುದಿಲ್ಲ."