ರೆಪ್ಪೆಯ ಮೇಲಿನ ಗೆರೆ

ಗಡಿಯಾರ ರಿಪೇರಿಯವನ ಕೆನ್ನೆಯ ಮೇಲೆ ಕೊಯ್ಯುವ ಜಾಗ ಗುರುತಿಸಲು ಡಾಕ್ಟರಮ್ಮ ಎಳೆದ ನೀಲಿ ಗೆರೆ ಕೆಳರೆಪ್ಪೆಯನ್ನೂ ಒಳಗೆ ಹಾಕಿಕೊಂಡಿತ್ತು. ಕ್ಯಾನ್ಸರ್ ಗಂಟಿನ ಜೊತೆ ರೆಪ್ಪೆಯೂ ಹೋದರೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಳ್ಳಲಾಗದು. ಮೂವತ್ತು ವರ್ಷದ ಕಸುಬು ಅಲ್ಲಿಗೆ ಮುಗಿದಂತೆ.

"ಕೊಯ್ಯೋ ಮುಂಚೆ ಟೆರಾಹರ್ಟ್ಸ್ ತರಂಗದಲ್ಲಿ ಒಂದ್ಸಲ ನೋಡ್ತೀನಿ," ಎಂದರು ಡಾಕ್ಟರಮ್ಮ. "ಚರ್ಮದೊಳಗಿನ ನೀರು ಅದನ್ನ ಹೀರಿಕೊಳ್ಳುತ್ತೆ. ಗಂಟಲ್ಲಿ ನೀರು ಜಾಸ್ತಿ, ಅದಕ್ಕೇ ಅದರ ಅಂಚು ಬೇರೆಯಾಗಿ ಕಾಣುತ್ತೆ."

"ಉರಿಯುತ್ತಾ?" ಪಕ್ಕದಲ್ಲಿದ್ದ ಅವನ ಹೆಂಡತಿ ಕೇಳಿದಳು.

"ಇಲ್ಲಮ್ಮ, ಗೊತ್ತೇ ಆಗಲ್ಲ."

ಯಂತ್ರದ ತಣ್ಣನೆಯ ಗಾಜು ಕೆನ್ನೆಗೆ ತಾಗಿತು. ಡಾಕ್ಟರಮ್ಮ ಪರದೆಯನ್ನು ಎರಡೆರಡು ಸಲ ನೋಡಿದರು. ಆಮೇಲೆ ಒದ್ದೆ ಹತ್ತಿಯಿಂದ ರೆಪ್ಪೆಯ ಮೇಲಿನ ಗೆರೆ ಒರೆಸಿ, ಅಕ್ಕಿಕಾಳಿನಷ್ಟು ಕೆಳಗೆ ಹೊಸದೊಂದು ಎಳೆದರು.

"ಗಂಟು ಅಲ್ಲೀತನಕ ಬಂದಿಲ್ಲ. ರೆಪ್ಪೆ ನಿಮಗೇ ಇರಲಿ."

ಅವನ ಕಣ್ಣು ತುಂಬಿತು.

"ಅಳಬೇಡ್ರೀ, ಗೆರೆ ಅಳಿಸಿಹೋಗುತ್ತೆ," ಎನ್ನುತ್ತಾ ಹೆಂಡತಿ ಸೆರಗಿನಿಂದ ತನ್ನ ಕಣ್ಣೊರೆಸಿಕೊಂಡಳು.