ಅಮ್ಮನ ಬಾಣಲೆ

"ಇನ್ನೊಂದ್ಸಲ ಹಾರ್ನ್ ಮುಟ್ಟಿದ್ರೆ ಉದ್ಘಾಟನೆ ದಿನ ಈ ರೈಲು ಬೇರೆಯವರು ಓಡಿಸ್ತಾರೆ, ನೋಡು!" ತರಬೇತುದಾರ ಓಕಾಂಪೊ ಗದರಿದಾಗ ನೆಲಿದಾ ಸರಕ್ಕನೆ ಕೈ ಹಿಂದೆಗೆದುಕೊಂಡಳು. "ಈಗಿಲ್ಲಿ ಗೇಟೇ ಇಲ್ವಲ್ಲಮ್ಮ, ಯಾರಿಗೆ ಹಾರ್ನ್?" ಅಂದ.

ಅದು ಅಭ್ಯಾಸಬಲ. ಬ್ಯೂನಸ್ ಐರಿಸ್‌ನ ಈ ರಸ್ತೆಯ ರೈಲ್ವೆ ಗೇಟಿನ ಬಳಿ ವರ್ಷಾನುಗಟ್ಟಲೆ ಹಾರ್ನ್ ಹಾಕಿದ ಕೈ. ಪಕ್ಕದ ಕಟ್ಟಡದಲ್ಲಿರುವ ಅವಳ ಅಮ್ಮ ಆ ಸದ್ದು ಕೇಳಿದ ಮೇಲೇ ಒಲೆಯ ಮೇಲೆ ಕೆಟಲ್ ಇಡುತ್ತಿದ್ದಳು. ಈಗ ಆ ಗೇಟು ತೆಗೆದು, ರಸ್ತೆಯ ಮೇಲೆ ರೈಲಿಗೆಂದೇ ಸೇತುವೆ ಕಟ್ಟಿದ್ದಾರೆ. ಪ್ರಯಾಣಿಕರ ಬದಲು ಮರಳು ಮೂಟೆ ಹೇರಿಕೊಂಡ ರೈಲು ಕೊನೆಯ ಪರೀಕ್ಷೆಗೆ ಅದನ್ನು ಏರಿತು. ನೆಲಿದಾ ತುಟಿ ಕಚ್ಚಿ ಹಿಡಿದು, ಹಾರ್ನ್ ಮುಟ್ಟದೆ ಮುಂದೆ ಸಾಗಿದಳು.

ಅಷ್ಟರಲ್ಲಿ ಸೇತುವೆಯ ಎತ್ತರಕ್ಕೇ ಇದ್ದ ಪಕ್ಕದ ಕಟ್ಟಡದ ಮೂರನೇ ಮಹಡಿಯ ಬಾಲ್ಕನಿಗಳಿಂದ ಢಣಢಣ ಸದ್ದೆದ್ದಿತು.

"ಅಯ್ಯೋ, ಪಾತ್ರೆ ಬಡೀತಿದ್ದಾರೆ!" ಓಕಾಂಪೊ ಬೆಚ್ಚಿದ. "ಸೇತುವೆ ಬೇಡ ಅಂತ ಪ್ರತಿಭಟನೆನಾ?"

"ಅಲ್ಲ ಸಾರ್, ಆ ಬಾಣಲೆ ನಮ್ಮಮ್ಮಂದು. ಇನ್ಮೇಲೆ ಹಾರ್ನ್ ಇಲ್ಲ ಅಂತ ನಿನ್ನೆ ಹೇಳಿದ್ದೆ. ಹಾಗಾದ್ರೆ ಸದ್ದು ನಾನೇ ಮಾಡ್ತೀನಿ ಬಿಡು ಅಂದಿದ್ಲು."

ಇಷ್ಟು ವರ್ಷ ಕೆಳಗೆಲ್ಲೋ ರೈಲು ಓಡಿಸುತ್ತಿದ್ದ ಮಗಳ ಮುಖ ಇಂದು ಅಮ್ಮನ ಕಣ್ಣಿಗೆ ನೇರಾನೇರ. ಮುದುಕಿ ಸೌಟು ಎತ್ತಿ ಕುಣಿಯುತ್ತಿದ್ದಳು. ಅಕ್ಕಪಕ್ಕದವರೂ ಪಾತ್ರೆ ಹಿಡಿದು ಜೊತೆಗೂಡಿದ್ದರು.

ಓಕಾಂಪೊ ಕೈಚಾಚಿ ಉದ್ದಕ್ಕೆ ಹಾರ್ನ್ ಒತ್ತಿದ.

"ಏನು ನೋಡ್ತೀಯ? ಹಾರ್ನ್ ಪರೀಕ್ಷೆ ಬಾಕಿ ಇತ್ತು."